ರಾತ್ರಿ ಉಳಿದ ಅನ್ನ ಬೆಳಗ್ಗೆ ಚಿತ್ರಾನ್ನ: ಬಿಸಿ ಮಾಡಿದರೆ ಸಾಲದೇ?

ಪ್ರಶ್ನೆ: ಉಳಿದ ಅನ್ನ ರಾತ್ರಿಯೆಲ್ಲ ಕುಕ್ಕರ್‌ನಲ್ಲೇ ಇರುತ್ತದೆ. ಬೆಳಗ್ಗೆ ಹಬೆಯಾಡುವಂತೆ ಚಿತ್ರಾನ್ನ ಕಲಸುತ್ತೇವೆ. ಅಷ್ಟು ಬಿಸಿಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲವೇ?

ಬಹುಪಾಲು ಸಾಯುತ್ತದೆ. ಆದರೆ ರಾತ್ರಿಯೆಲ್ಲ ಅದು ಬಿಟ್ಟ ವಿಷ ಹಾಗೇ ಉಳಿಯುತ್ತದೆ.

ಇಲ್ಲಿನ ಆರೋಪಿ ಬ್ಯಾಸಿಲಸ್ ಸೀರಿಯಸ್. ಮಣ್ಣಿನ ಬ್ಯಾಕ್ಟೀರಿಯಾ, ಅಕ್ಕಿಯ ಜೊತೆ ಬೀಜಕದ, ಅಂದರೆ ನಿದ್ದೆಯಲ್ಲಿರುವ ಸ್ಪೋರ್‌ನ ರೂಪದಲ್ಲಿ ಅಡುಗೆಮನೆಗೆ ಬರುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗದು. ಕುದಿನೀರಿನಲ್ಲಿ ಸಾಮಾನ್ಯ ಬ್ಯಾಕ್ಟೀರಿಯಾದ ಪ್ರೋಟೀನು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಕೆಡುತ್ತದೆ. ಬೀಜಕದ ತಿರುಳಿನಲ್ಲಿ ನೀರಿನಂಶವೇ ಕಡಿಮೆ, ಕ್ಯಾಲ್ಸಿಯಂ ಮತ್ತು ಡೈಪಿಕೊಲಿನಿಕ್ ಆಮ್ಲ ತುಂಬಿಕೊಂಡಿರುತ್ತವೆ, ಸುತ್ತ ಪದರಪದರ ಕವಚ. ಹಾಗಾಗಿ 100 ಡಿಗ್ರಿಯನ್ನೂ ತಾಳಿಕೊಳ್ಳುತ್ತದೆ. ಅಷ್ಟೇ ಅಲ್ಲ, ಬಿಸಿ ತಗುಲಿದ್ದೇ ಅದಕ್ಕೆ ಎಚ್ಚರವಾಗುವ ಸೂಚನೆ. ಪೈಪೋಟಿಗಿದ್ದ ಬೇರೆ ಬ್ಯಾಕ್ಟೀರಿಯಾಗಳೆಲ್ಲ ಬೆಂದುಹೋಗಿರುತ್ತವೆ. ಮುಂದೆ ಮೆತ್ತಗಿನ, ತೇವದ ಅನ್ನ.

ಅನ್ನ 50 ಡಿಗ್ರಿಗಿಂತ ಕೆಳಗಿಳಿದ ಮೇಲೆ ಬೀಜಕ ಮೊಳೆಯುತ್ತದೆ. 30 ಡಿಗ್ರಿಯ ಆಸುಪಾಸಿನಲ್ಲಿ ಸುಮಾರು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತದೆ. ಮುಚ್ಚಿದ ಕುಕ್ಕರ್‌ನ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದಲ್ಲ, ಅದಕ್ಕೆ ಬೇಕಾದ್ದೂ ಅದೇ. ಹೀಗೆ ಬೆಳೆಯುವಾಗ ಕೆಲವು ತಳಿಗಳು ಸೆರ್ಯೂಲೈಡ್ ಎಂಬ ವಿಷ ತಯಾರಿಸುತ್ತವೆ. 121 ಡಿಗ್ರಿಯಲ್ಲಿ ಒಂದೂವರೆ ಗಂಟೆ ಕಾಯಿಸಿದರೂ ಅದು ಕೆಡದು, ಬಾಣಲೆಯ ಒಗ್ಗರಣೆ ಯಾವ ಲೆಕ್ಕ! ನಿಂಬೆಹುಳಿಗೂ ಜಗ್ಗುವುದಿಲ್ಲ. ವಾಸನೆ, ರುಚಿಯಲ್ಲಿ ಸುಳಿವೂ ಸಿಗದು. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಶುರು.

1970ರ ದಶಕದಲ್ಲಿ ಬ್ರಿಟನ್ನಿನ ಚೈನೀಸ್ ಹೋಟೆಲುಗಳ ಫ್ರೈಡ್ ರೈಸ್ ತಿಂದವರಿಗೆ ಆದದ್ದೂ ಇದೇ. ಫ್ರಿಜ್‌ನಲ್ಲಿಟ್ಟ ಅನ್ನ ಹುರಿಯುವಾಗ ಉಂಡೆಕಟ್ಟುತ್ತದೆಂದು ಬೇಯಿಸಿದ ಅನ್ನವನ್ನು ಹೊರಗೇ ಬಿಡುತ್ತಿದ್ದರು.

ಚಿತ್ರಾನ್ನಕ್ಕೆಂದೇ ಉಳಿಸುವುದಾದರೆ ಊಟವಾದ ಕೂಡಲೇ ಅನ್ನವನ್ನು ಕುಕ್ಕರ್‌ನಿಂದ ತೆಗೆದು ಅಗಲ ತಟ್ಟೆಯಲ್ಲಿ ಎರಡು ಇಂಚಿಗಿಂತ ತೆಳ್ಳಗೆ ಹರಡಿ, ಫ್ಯಾನಿನಡಿ ಆರಿಸಿ. ಒಂದು ಗಂಟೆಯೊಳಗೆ, ತಡವೆಂದರೂ ಎರಡು ಗಂಟೆಯೊಳಗೆ, ಫ್ರಿಜ್ ಸೇರಬೇಕು. ಅಲ್ಲಿ 5 ಡಿಗ್ರಿಯೋ ಅದಕ್ಕಿಂತ ಕಡಿಮೆಯೋ ಇರಲಿ. ತುಂಬಿದ ಪಾತ್ರೆಯನ್ನು ಹಾಗೇ ಒಳಗಿಟ್ಟರೆ ಅಂಚು ತಣ್ಣಗಾಗುತ್ತದೆ, ನಡುಭಾಗ ಮಾತ್ರ ಬಹಳ ಹೊತ್ತು ಬೆಚ್ಚಗಿರುತ್ತದೆ. ಮರುದಿನ ಒಂದೇ ಸಲ ಚೆನ್ನಾಗಿ ಬಿಸಿ ಮಾಡಿ ಮುಗಿಸಿ. ಹಾಟ್‌ಬಾಕ್ಸ್ ನಂಬುವವರು ನೆನಪಿಡಬೇಕಾದ ಅಂಕಿ 60 ಡಿಗ್ರಿ. ಅದಕ್ಕಿಂತ ಕೆಳಗಿಳಿದರೆ ಅದೂ ಬೆಚ್ಚಗಿನ ಕುಕ್ಕರೇ.

ನೀರೋ ಮಜ್ಜಿಗೆಯೋ ಹಾಕಿ ಹುಳಿ ಬರಿಸುವ ತಂಗಳನ್ನದ ಮಾತು ಸ್ವಲ್ಪ ಬೇರೆ. ಹುಳಿ ಹೆಚ್ಚಿದಂತೆ ಈ ಬ್ಯಾಕ್ಟೀರಿಯಾದ ಬೆಳವಣಿಗೆ ಕುಗ್ಗುತ್ತದೆ. ಆದರೆ ಬರೀ ನೀರು ಹಾಕಿಟ್ಟ ಅನ್ನ ಹುಳಿಯಾಗಲು ಗಂಟೆಗಳೇ ಬೇಕು. ಅನ್ನ ಆರಿದ ಕೂಡಲೇ ಹುಳಿಮಜ್ಜಿಗೆ ಬೆರೆಸಿಟ್ಟರೆ ಒಂದಿಷ್ಟು ತಡೆ ಸಿಗುತ್ತದೆ. ಬೆಳಗ್ಗೆ ಬೆರೆಸುವ ಮಜ್ಜಿಗೆ ರುಚಿಗಷ್ಟೇ.