ಪಕ್ಕದ ಮನೆಯ ಅಳತೆಯ ಬೇಸ್ ಬಾಕ್ಸು

ಗಣೇಶನ ಹಬ್ಬಕ್ಕೆ ಒಂದೂವರೆ ತಿಂಗಳಿದೆ ಅನ್ನುವಾಗ ಸ್ಪೀಕರ್ ರಿಪೇರಿ ಮಾಡುವ ನನ್ನ ಫೋನಿಗೆ ಫೋಟೋಗಳು ಬರಲು ಶುರುವಾಗುತ್ತವೆ. ಯಾವುದೋ ಕಾರ್ಯಕ್ರಮದಲ್ಲಿ ಕಂಡ ಬೇಸ್ ಬಾಕ್ಸು, ಅಂದರೆ ಧಂ ಧಂ ಅನ್ನುವ ಕೆಳಗಿನ ಸ್ವರದ ಸ್ಪೀಕರ್ ಕೂರಿಸುವ ಮರದ ಪೆಟ್ಟಿಗೆ, ಅದಕ್ಕೆ ಆನಿಸಿ ಹಿಡಿದ ಟೇಪು. ಅಗಲ ಇಷ್ಟು, ಎತ್ತರ ಇಷ್ಟು, ಆಳ ಇಷ್ಟು. ಕೆಳಗೆ ಒಂದು ಸಾಲು: "ಅಣ್ಣ, ಸೇಮ್ ಇದೇ ಥರ ಮಾಡ್ಕೊಡಿ. ಸ್ಪೀಕರ್ ಆಮೇಲೆ ಯಾವುದಾದ್ರೂ ಹಾಕ್ಕೊಳ್ತೀನಿ."

ಈ "ಯಾವುದಾದ್ರೂ" ಎಂಬ ಪದಕ್ಕೆ ನಾನು ಎಷ್ಟು ಚಹಾ ಖರ್ಚು ಮಾಡಿದ್ದೇನೋ ಲೆಕ್ಕವಿಲ್ಲ. ಬಂದವರನ್ನು ಕೂರಿಸುತ್ತೇನೆ. ಅರ್ಧ ಗಂಟೆ ವಿವರಿಸುತ್ತೇನೆ. ತಲೆ ಆಡಿಸುತ್ತಾರೆ. ಹೊರಡುವಾಗ ಬಾಗಿಲಲ್ಲಿ ನಿಂತು, "ಸರಿ ಅಣ್ಣ, ಹಂಗಾದ್ರೆ 18 ಇಂಚಿಂದು ಯಾವುದಾದ್ರೂ ತರ್ಲಾ?" ಎನ್ನುತ್ತಾರೆ.

ಮರ ಕೊಯ್ಯುವುದು, ಅಂಟು ಹಾಕುವುದು, ಬಣ್ಣ ಹೊಡೆಯುವುದು ಇಲ್ಲಿ ಬರೆಯಲ್ಲ. ಅದು ನಿಮ್ಮೂರ ಆಚಾರ್ರಿಗೆ ನನಗಿಂತ ಚೆನ್ನಾಗಿ ಗೊತ್ತು. 18 ಎಂಎಂ ಪ್ಲೈವುಡ್ ಹಾಕಿ, ಪಾರ್ಟಿಕಲ್ ಬೋರ್ಡ್ ಬೇಡ, ಒಂದು ಮಳೆಗೆ ಅದು ರಸ್ಕಿನ ಹಾಗೆ ಉಬ್ಬುತ್ತದೆ. ಅಷ್ಟು ಸಾಕು. ನನ್ನ ತಕರಾರು ಬೇರೆ.

ಟೈಲರ್ ಹತ್ತಿರ ಹೋಗುವಾಗ ಹೆಂಗಸರು ಅಳತೆ ಬ್ಲೌಸ್ ಒಯ್ಯುತ್ತಾರಲ್ಲ, ಅದು ಅವರದ್ದೇ ಆಗಿರಬೇಕು ಅಲ್ವಾ? ಪಕ್ಕದ ಮನೆಯವರದ್ದು ಒಯ್ದು, "ಅವರಿಗೆ ಚೆನ್ನಾಗಿ ಕಾಣ್ತದೆ, ಇದೇ ಅಳತೆಗೆ ಹೊಲಿ" ಅಂದರೆ ಏನಾಗುತ್ತದೆ? ಬೇಸ್ ಬಾಕ್ಸಿನ ವಿಷಯದಲ್ಲಿ ನಮ್ಮ ಜನ ಮಾಡುವುದು ಅದನ್ನೇ. 18 ಇಂಚು ಅನ್ನುವುದು ಸ್ಪೀಕರಿನ ಹೊರಗಿನ ಅಳತೆ ಅಷ್ಟೇ. ಒಳಗೆ ಒಂದರ ಕೋನ್ (ಅಲುಗಾಡಿ ಸದ್ದು ಮಾಡುವ ಲಾಳಿಕೆಯಂಥ ಭಾಗ) ಹಗುರ, ಇನ್ನೊಂದರದ್ದು ಭಾರ. ಒಂದರ ಅಂಚು ಬಿಗಿ, ಇನ್ನೊಂದರದ್ದು ಸಡಿಲ. ಒಂದರ ಮ್ಯಾಗ್ನೆಟ್ ಎತ್ತು, ಇನ್ನೊಂದರದ್ದು ಕರು. ಬಾಕ್ಸು ಹೊಂದಬೇಕಾದದ್ದು ಇದಕ್ಕೆ. ಇಂಚಿಗಲ್ಲ.

ಇದು ನನ್ನ ಸ್ವಂತ ಸಿದ್ಧಾಂತವೇನಲ್ಲ. ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲೇ ಈ ಲೆಕ್ಕ ಬರೆದಿಟ್ಟರು. ಹತ್ತು ವರ್ಷ ಅದನ್ನು ಹೆಚ್ಚು ಜನ ಓದಲಿಲ್ಲ. 1971ರಲ್ಲಿ ಅಮೆರಿಕದ ಆಡಿಯೋ ಎಂಜಿನಿಯರುಗಳ ಪತ್ರಿಕೆ ಮತ್ತೆ ಅಚ್ಚು ಹಾಕಿತು. ಆಸ್ಟ್ರೇಲಿಯಾದ ಸಿಡ್ನಿಯಲ್ಲೇ ಓದುತ್ತಿದ್ದ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದರು. ಇವತ್ತು ಒಳ್ಳೆಯ ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ ಒಂದು ಪಟ್ಟಿ ಇರುತ್ತದೆ ನೋಡಿ, ಅದಕ್ಕೆ ಥೀಲ್-ಸ್ಮಾಲ್ ಅಂತಲೇ ಹೆಸರು. ನೀವು ಬಿಸಾಕುವ ಕಾಗದ ಅದೇ. ದಯವಿಟ್ಟು ಬಿಸಾಕಬೇಡಿ. ಕಾಗದವೇ ಇಲ್ಲದ ಸ್ಪೀಕರಾದರೆ ತರಬೇಡಿ, ಎಷ್ಟೇ ಅಗ್ಗ ಇರಲಿ.

ಎಫ್‌ಎಸ್ ಅಂದರೆ ಸ್ಪೀಕರು ಬಾಕ್ಸಿಲ್ಲದೆ ತಾನಾಗಿಯೇ ಅಲುಗಾಡಲು ಇಷ್ಟಪಡುವ ಸ್ವರ. ವಿಎಎಸ್ ಅಂದರೆ ಅದರ ಅಂಚು ಎಷ್ಟು ಬಿಗಿ ಅಂತ ಲೀಟರ್ ಗಾಳಿಯ ಲೆಕ್ಕದಲ್ಲಿ ಹೇಳುವುದು. ಕ್ಯೂಟಿಎಸ್ ಅಂದರೆ ಅಲುಗಾಡಿದ ಕೋನನ್ನು ಎಷ್ಟು ಬೇಗ ಹಿಡಿದು ನಿಲ್ಲಿಸಬಲ್ಲದು ಅನ್ನುವ ಲೆಕ್ಕ. ಈ ಸಂಖ್ಯೆ ಕಡಿಮೆ ಇದ್ದಷ್ಟೂ ಹಿಡಿತ ಜಾಸ್ತಿ. 0.3ರಿಂದ 0.4ರ ನಡುವಿನದ್ದು ಸಾಮಾನ್ಯವಾಗಿ ಪೋರ್ಟ್, ಅಂದರೆ ಹೊರಕ್ಕೆ ಬಾಯಿ ತೆರೆದ ಗಾಳಿಯ ಕೊಳವೆ, ಇರುವ ಬಾಕ್ಸಿಗೆ ಹೊಂದುತ್ತದೆ. 0.5 ದಾಟಿದರೆ ನಾನು ಮುಚ್ಚಿದ ಬಾಕ್ಸಿನ ಕಡೆ ಯೋಚಿಸುತ್ತೇನೆ. ಇದು ಅಂದಾಜು ಮಾತ್ರ, ಕೊನೆಯ ತೀರ್ಪಲ್ಲ.

ಬಾಕ್ಸಿನ ಪೋರ್ಟು ಗಾಳಿ ಹೋಗಲಿ ಅಂತ ಇಟ್ಟ ಕಿಟಕಿ ಅಂದುಕೊಂಡವರೇ ಹೆಚ್ಚು. ಅಲ್ಲ. ಘಟಂ ನುಡಿಸುವವರು ಗಡಿಗೆಯ ಬಾಯನ್ನು ಹೊಟ್ಟೆಗೆ ಒತ್ತಿ ಬಿಟ್ಟು ಗುಂಯ್ ಅನ್ನಿಸುವುದನ್ನು ನೋಡಿದ್ದೀರಲ್ಲ? ಒಳಗಿನ ಗಾಳಿ ಸ್ಪ್ರಿಂಗು, ಬಾಯಲ್ಲಿರುವ ಗಾಳಿ ಆ ಸ್ಪ್ರಿಂಗಿಗೆ ಕಟ್ಟಿದ ತೂಕ. ಎರಡೂ ಸೇರಿ ಒಂದು ಸ್ವರ. ನಿಮ್ಮ ಬಾಕ್ಸೂ ಒಂದು ಗಡಿಗೆಯೇ. ಆ ಸ್ವರದಲ್ಲಿ ಕೋನು ಹೆಚ್ಚುಕಮ್ಮಿ ಸುಮ್ಮನಿರುತ್ತದೆ, ಕೆಲಸವನ್ನೆಲ್ಲ ಪೋರ್ಟಿನ ಗಾಳಿ ಮಾಡುತ್ತದೆ. ಆ ಸ್ವರಕ್ಕಿಂತ ಕೆಳಗೆ ಹೋದರೆ ಮಾತ್ರ ಸ್ಪೀಕರಿಗೆ ಬಾಕ್ಸೇ ಇಲ್ಲದ ಹಾಗೆ. ಗಾಳಿಯ ಹಿಡಿತ ತಪ್ಪುತ್ತದೆ, ಕೋನು ಹುಚ್ಚು ಕುದುರೆಯ ಹಾಗೆ ಹಿಂದೆ ಮುಂದೆ ಓಡುತ್ತದೆ, ಸದ್ದು ಮಾತ್ರ ಬರುವುದಿಲ್ಲ. ನನ್ನ ಹತ್ತಿರ ರಿಪೇರಿಗೆ ಬರುವ ಬೇಸ್ ಸ್ಪೀಕರುಗಳಲ್ಲಿ ಬಹಳಷ್ಟು ಸತ್ತಿರುವುದು ಇಲ್ಲೇ.

ಒಂದು ಆರ್ಕೆಸ್ಟ್ರಾದ ಬೇಸ್ ಗಿಟಾರ್ ಹುಡುಗ ಹೀಗೇ ಬಂದಿದ್ದ. ಪಾಪ, ಒಳ್ಳೆಯ ಕೈ. ಬಾಕ್ಸಿನ ಲೆಕ್ಕ ನಾನೇ ಬರೆದುಕೊಟ್ಟಿದ್ದೆ: ಒಳಗೆ 150 ಲೀಟರ್, ಪೋರ್ಟಿನ ಬಾಯಿ 400 ಚದರ ಸೆಂಟಿಮೀಟರ್, ಉದ್ದ 33 ಸೆಂಟಿಮೀಟರ್. 40 ಹರ್ಟ್ಸಿಗೆ, ಅಂದರೆ ಸೆಕೆಂಡಿಗೆ 40 ಅಲುಗಾಟದ ಸ್ವರಕ್ಕೆ, ಹೊಂದಿಸಿದ್ದು. ಬೇಸ್ ಗಿಟಾರಿನ ಎಲ್ಲಕ್ಕಿಂತ ಕೆಳಗಿನ ಸ್ವರದ ಇ ತಂತಿ 41 ಹರ್ಟ್ಸ್, ಹಾಗಾಗಿ. ಅವರೂರಲ್ಲಿ ಬಾಕ್ಸ್ ಕಟ್ಟಿದ ಆಚಾರ್ರು ಅನುಭವಸ್ಥರು. "ಒಳಗಡೆ ಯಾರಿಗೂ ಕಾಣದ ಹಲಗೆ ಇಷ್ಟುದ್ದ ಯಾಕೆ, ಸುಮ್ನೆ ವೇಸ್ಟು" ಅಂತ ಪೋರ್ಟಿನ ಹಲಗೆ ಅರ್ಧ ಮಾಡಿದ್ದಾರೆ. ಪ್ಲೈವುಡ್ ಉಳಿತಾಯ. ಪೋರ್ಟಿನಲ್ಲಿರುವ ಗಾಳಿಯ ತೂಕ ಕಡಿಮೆಯಾಗಿ ಬಾಕ್ಸಿನ ಸ್ವರ 40ರಿಂದ ಹೆಚ್ಚುಕಮ್ಮಿ 49ಕ್ಕೆ ಏರಿತು. ಈಗ ಇ ತಂತಿ ಮೀಟಿದರೆ ಅದು ಬಾಕ್ಸಿನ ಸ್ವರಕ್ಕಿಂತ ಕೆಳಗೆ! ಎರಡನೇ ಕಾರ್ಯಕ್ರಮದಲ್ಲೇ ಕೋನಿಗೆ ಅಂಟಿದ ತಂತಿಯ ಸುರುಳಿ, ಅಂದರೆ ಕಾಯಿಲ್, ಹಿಂದಿನ ಪ್ಲೇಟಿಗೆ ಬಡಿದು ಟಕ್ ಟಕ್ ಅಂದಿತು, ಮೂರನೆಯದರಲ್ಲಿ ಸ್ಪೀಕರಿನ ಕಥೆ ಮುಗಿಯಿತು. ಅವನು ಬೈದದ್ದು ಸ್ಪೀಕರ್ ಕಂಪನಿಯನ್ನು. ಅರ್ಧ ಹಲಗೆಯ ಸಂಗತಿ ನಾನು ಕೈ ಹಾಕಿ ಅಳೆದಾಗಲೇ ಗೊತ್ತಾಗಿದ್ದು.

ಆಚಾರ್ರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ. ಈಗ ಚೀಟಿಯಲ್ಲಿ ಪೋರ್ಟಿನ ಪಕ್ಕ ಕೆಂಪು ಶಾಯಿಯಲ್ಲಿ "ಇದನ್ನು ಕಡಿಮೆ ಮಾಡಬೇಡಿ" ಅಂತ ಬರೆಯುತ್ತೇನೆ.

ಹೊರಗಿನಿಂದ ಟೇಪು ಹಿಡಿದು ನಕಲು ಮಾಡುವುದರಲ್ಲಿ ಇನ್ನೂ ಒಂದು ಮೋಸವಿದೆ. 60, 60, 75 ಸೆಂಟಿಮೀಟರಿನ ಬಾಕ್ಸು ಹೊರಗಿನಿಂದ 270 ಲೀಟರ್. 18 ಎಂಎಂ ಹಲಗೆಯ ದಪ್ಪ ಕಳೆದರೆ ಒಳಗೆ 227. ಪೋರ್ಟು, ಒಳಗಿನ ಅಡ್ಡಪಟ್ಟಿ, ಸ್ಪೀಕರಿನ ಹಿಂಭಾಗ ಎಲ್ಲ ನುಂಗಿದ ಮೇಲೆ 190ರ ಆಸುಪಾಸು ಉಳಿಯುತ್ತದೆ. ಫೋಟೋದಲ್ಲಿ ಇದ್ಯಾವುದೂ ಕಾಣುವುದಿಲ್ಲ. ನಿಮ್ಮ ನಕಲಿನಲ್ಲಿ ಒಳಗೆ ಏನಿದೆಯೋ ಅದು ಆಚಾರ್ರಿಗೂ ದೇವರಿಗೂ ಬಿಟ್ಟದ್ದು.

"ದೊಡ್ಡದು ಮಾಡಿದರೆ ಬೇಸ್ ಜಾಸ್ತಿ ಬರ್ತದಲ್ಲ ಅಣ್ಣ" ಅನ್ನುತ್ತಾರೆ. ಬರಬಹುದು, ಬಾರದಿರಬಹುದು. ಅಮೆರಿಕದ ಕೆಎಲ್‌ಎಚ್ ಸ್ಪೀಕರ್ ಕಂಪನಿಯ ಹೆಸರಿನ ಕೊನೆಯ ಅಕ್ಷರ ಆಂಟನ್ ಹಾಫ್‌ಮನ್ ಅವರದ್ದು. ದೊಡ್ಡ ಪಿಯಾನೋ ವಾದಕರ ಮಗ, ಭೌತಶಾಸ್ತ್ರ ಬಲ್ಲವರು. ಚಿಕ್ಕ ಬಾಕ್ಸು, ಆಳದ ಬೇಸು, ಜೋರು ಸದ್ದು, ಈ ಮೂರರಲ್ಲಿ ಎರಡು ಮಾತ್ರ ಕೇಳಿ ಅನ್ನುವ ನಿಯಮ ಅವರ ಹೆಸರಿನಲ್ಲಿದೆ. ನಮ್ಮವರಿಗೆ ಮೂರೂ ಬೇಕು. ಅದೂ ಆಮ್ನಿಯ ಡಿಕ್ಕಿಯಲ್ಲಿ ಹಿಡಿಯಬೇಕು.

ಮೂರೂ ಕೇಳುವವರು ಕೊನೆಗೆ ಹೋಗುವುದು ಕಾರಿನ ಬೇಸ್ ಸ್ಪೀಕರು, ಅಂದರೆ ಸಬ್‌ವೂಫರಿನ ಹತ್ತಿರ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ, 1000 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಬರೆದದ್ದನ್ನು ನೋಡಿ, ಎರಡು ಹೊತ್ತು ತರುತ್ತಾರೆ. ಕಾರಿನ ಸ್ಪೀಕರು ಕೆಟ್ಟದ್ದಲ್ಲ. ಅದು ಮುಚ್ಚಿದ ಗಾಜಿನೊಳಗೆ, ನಾಲ್ಕು ಜನರಿಗಾಗಿ ಮಾಡಿದ್ದು. ಬಯಲಲ್ಲಿ ಸಾವಿರ ಜನಕ್ಕೆ ಅಲ್ಲ. ಕಾಗದದಲ್ಲಿ ಸೆನ್ಸಿಟಿವಿಟಿ ಅಂತ ಇರುತ್ತದೆ, ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ (ಸದ್ದಿನ ಅಳತೆ) ಅಂತ. 97 ಡೆಸಿಬೆಲ್‌ನ ಸ್ಪೀಕರು 100 ವ್ಯಾಟಿನಲ್ಲಿ ಮಾಡುವ ಸದ್ದನ್ನು ಮಾಡಲು 87 ಡೆಸಿಬೆಲ್‌ನದ್ದಕ್ಕೆ 1000 ವ್ಯಾಟ್ ಬೇಕು. ವ್ಯಾಟು ಸ್ಪೀಕರು ತಿನ್ನುವುದು, ಕೊಡುವುದಲ್ಲ. ಮೂರು ಮುದ್ದೆ ಉಂಡವನು ಒಂದು ಮುದ್ದೆ ಉಂಡವನ ಮೂರರಷ್ಟು ಗದ್ದೆ ಉಳುತ್ತಾನೆ ಅಂತ ಏನಿಲ್ಲವಲ್ಲ. ಒಳ್ಳೆಯ ಬೇಸ್ ಸ್ಪೀಕರು ಕೂಡ ತಿಂದದ್ದರಲ್ಲಿ ನೂರಕ್ಕೆ ನಾಲ್ಕೈದು ಪಾಲು ಸದ್ದು ಮಾಡಿದರೆ ಹೆಚ್ಚು. ಉಳಿದದ್ದೆಲ್ಲ ಕಾಯಿಲಿನ ಬಿಸಿ.

ಬೇಸ್ ಗಿಟಾರಿನವರಿಗೆ ಬೇರೆಯೇ ಹುಚ್ಚು. ಐದು ತಂತಿಯದ್ದು ತಂದ ದಿನದಿಂದ "ಕೆಳಗಿನ ಬಿ ಬರ್ಬೇಕು, 31 ಹರ್ಟ್ಸ್ ಫುಲ್ ಬರ್ಬೇಕು" ಅಂತ. 1969ರಲ್ಲಿ ಆಂಪೆಗ್ ಕಂಪನಿ ತಂದ ಎಸ್‌ವಿಟಿ ಗೊತ್ತಲ್ಲ, ಎಂಟು 10 ಇಂಚಿನ ಸ್ಪೀಕರಿನ, ಫ್ರಿಜ್ ಅಂತಲೇ ಕರೆಯುವ ಬಾಕ್ಸು. ಪೋರ್ಟ್ ಇಲ್ಲ, ಪೂರ್ತಿ ಮುಚ್ಚಿದ್ದು. ಆ ಬಾಕ್ಸಿನ ಈಚಿನ ಮಾದರಿಯ ಕಾಗದ ನೋಡಿ: 58 ಹರ್ಟ್ಸಿನಲ್ಲೇ 3 ಡೆಸಿಬೆಲ್ ಇಳಿದಿರುತ್ತದೆ, 40ಕ್ಕೆ 10 ಡೆಸಿಬೆಲ್. ಇ ತಂತಿಯ ಮೂಲ ಸ್ವರವೇ ಅದರಲ್ಲಿ ಅರೆಬರೆ. ಆದರೂ ಅರ್ಧ ಶತಮಾನದಿಂದ ಬೇಸ್ ಅಂದರೆ ಹೀಗಿರಬೇಕು ಅಂತ ಜನ ಅದನ್ನೇ ತೋರಿಸುತ್ತಾರೆ. ಯಾಕೆಂದರೆ ಬೇಸ್ ಗಿಟಾರಿನಲ್ಲಿ ಮೂಲ ಸ್ವರದ ಎರಡರಷ್ಟು, ಅಂದರೆ 82 ಹರ್ಟ್ಸಿನಲ್ಲಿ ಬಹಳ ಬಲ ಇರುತ್ತದೆ, ಉಳಿದದ್ದನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಹಾಗಾಗಿ ವೇದಿಕೆಯ ಮೇಲಿನ ಬೇಸ್ ಗಿಟಾರ್ ಬಾಕ್ಸನ್ನು 31ಕ್ಕೆ ಇಳಿಸಲು ಹೋಗಬೇಡಿ ಅಂತಲೇ ನಾನು ಹೇಳುವುದು. ಜನರ ಕಡೆ ಇಡುವ ಸಬ್‌ವೂಫರು ಬೇರೆ ವಿಷಯ. ಹಾಡು ರೆಕಾರ್ಡಿನಿಂದ ಬರುವುದಾದರೆ ಅದೂ ಬೇರೆ.

ಈಗ ಮಾಡುವುದು ಏನು? ಮೊದಲು ಸ್ಪೀಕರ್ ಆರಿಸಿ. ಅದರ ಕಾಗದ ತನ್ನಿ. ವಿನ್‌ಐಎಸ್‌ಡಿ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಕಾಗದದ ಅಂಕಿಗಳನ್ನು ಅದರಲ್ಲಿ ತುಂಬಿದರೆ ಎಷ್ಟು ಲೀಟರಿಗೆ, ಎಷ್ಟು ಉದ್ದದ ಪೋರ್ಟಿಗೆ ಏನಾಗುತ್ತದೆ ಅಂತ ಗೆರೆ ಎಳೆದು ತೋರಿಸುತ್ತದೆ. ಕೋನು ಎಷ್ಟು ಓಡುತ್ತದೆ ಅನ್ನುವ ಗೆರೆಯನ್ನೂ ನೋಡಿ, ಅದನ್ನು ಯಾರೂ ನೋಡುವುದಿಲ್ಲ. ಬಾಕ್ಸಿನ ಸ್ವರಕ್ಕಿಂತ ಸ್ವಲ್ಪ ಕೆಳಗೆ ಹೈಪಾಸ್ ಫಿಲ್ಟರ್, ಅಂದರೆ ಅದಕ್ಕಿಂತ ಕೆಳಗಿನ ಸ್ವರ ತಡೆಯುವ ಜರಡಿ, ಇಡಿ. ಬೇಸಿಗೆ ಯಾಕೆ ಬೇಸ್ ಕಟ್ ಮಾಡ್ಬೇಕು ಅಂತ ಕೇಳುತ್ತಾರೆ. ಸ್ಪೀಕರು ಉಳಿಯಲಿ ಅಂತ ಕಣ್ರೀ. ಹಳೆಯ ಸ್ಪೀಕರಿಗೆ ಬೇರೆ ಕೋನು ಕಾಯಿಲು ಹಾಕಿಸಿದ್ದರೆ ಮೂಲ ಕಾಗದದ ಅಂಕಿಗಳನ್ನು ನಂಬಬೇಡಿ. ಅಳೆಸಬೇಕು. ಫ್ರೇಮು ಮಾತ್ರ ಹಳೆಯದು, ಸ್ಪೀಕರು ಹೊಸದು ಅಂತ ತಿಳಿಯಿರಿ.

ಬಾಕ್ಸು ಮುಗಿದ ಮೇಲೆ ಒಂದು ಪರೀಕ್ಷೆ. ಅಂಗಾತ ಮಲಗಿಸಿ. ಕೋನಿನ ನಡುವಿನ ಉಬ್ಬಿನ ಮೇಲೆ ಒಂದು ಕಾಗದ ಇಟ್ಟು ನಾಲ್ಕು ಅಕ್ಕಿ ಕಾಳು ಹಾಕಿ. ಫೋನಿನ ಟೋನ್ ಆ್ಯಪಿನಿಂದ ಆಂಪ್ಲಿಫೈಯರಿಗೆ 80 ಹರ್ಟ್ಸ್ ಕೊಟ್ಟು ನಿಧಾನಕ್ಕೆ ಇಳಿಸುತ್ತಾ ಬನ್ನಿ, ವಾಲ್ಯೂಮ್ ತೀರಾ ಸಣ್ಣದಿರಲಿ. ಕಾಳು ಕುಣಿಯುತ್ತಾ ಕುಣಿಯುತ್ತಾ ಒಂದು ಕಡೆ ತಣ್ಣಗಾಗುತ್ತದೆ, ಇನ್ನೂ ಇಳಿಸಿದರೆ ಮತ್ತೆ ಕುಣಿಯುತ್ತದೆ. ತಣ್ಣಗಾದದ್ದು ಎಲ್ಲಿ ಅಂತ ಬರೆದುಕೊಳ್ಳಿ. ನಿಮ್ಮ ಗಡಿಗೆಯ ಸ್ವರ ಅದು. ಲೆಕ್ಕದಲ್ಲಿ 40 ಇದ್ದು ಇಲ್ಲಿ 49 ಬಂದರೆ ಆಚಾರ್ರನ್ನು ಕರೆಯಿರಿ. ಹಲಗೆಯ ಸಂದಿಯಲ್ಲಿ ಗಾಳಿ ಸೋರುತ್ತಿದ್ದರೆ ಊದುಬತ್ತಿಯ ಹೊಗೆ ಹಿಡಿದು ನೋಡಿ, ಗೊತ್ತಾಗುತ್ತದೆ.

ಇಷ್ಟೆಲ್ಲ ಕೇಳಿಸಿಕೊಂಡು, ಬರೆದುಕೊಂಡು, ಒಂದು ಅಂಕಿಯೂ ತಪ್ಪದ ಹಾಗೆ ತನ್ನ ಕೈಯಾರೆ ಬಾಕ್ಸು ಕಟ್ಟಿದ ಶಿಷ್ಯನೂ ನನಗೊಬ್ಬನಿದ್ದಾನೆ. ಎರಡು 18 ಇಂಚಿನದ್ದು, ಜೋಡಿ ಬಾಕ್ಸು. ಮಳೆಗಾಲ ಅಂತ ಮನೆಯ ಮಹಡಿಯ ರೂಮಿನಲ್ಲೇ ಕಟ್ಟಿದ. ಅಕ್ಕಿ ಕಾಳು ಸರಿಯಾಗಿ 38ಕ್ಕೆ ನಿಂತಿತು. ಫೋನಿನಲ್ಲಿ ಕೇಳಿಸಿದ, ನನಗೂ ಖುಷಿಯಾಯಿತು. ಮರುದಿನ ಮತ್ತೆ ಫೋನ್. "ಅಣ್ಣ, ಬಾಗ್ಲು 27 ಇಂಚು, ಬಾಕ್ಸು 29. ಯಾವ ಕಡೆ ತಿರುಗಿಸಿದ್ರೂ ಬರ್ತಿಲ್ಲ." ಆ ವರ್ಷದ ಹಬ್ಬಕ್ಕೆ ಬಾಡಿಗೆ ಬಾಕ್ಸು ತಂದರು. ಬಾಗಿಲ ಚೌಕಟ್ಟು ಕೀಳಿಸಲು ಅವರಮ್ಮ ಇನ್ನೂ ಒಪ್ಪಿಲ್ಲ. ಸದ್ಯಕ್ಕೆ ಅದರ ಮೇಲೆ ಹಾಸಿಗೆಗಳನ್ನು ಮಡಚಿ ಇಟ್ಟಿದ್ದಾರೆ.