ಸಿಂಕ್ ಬಟನ್ ಇರುವಾಗ ವಿನೈಲ್ ಯಾಕೆ ಕಲಿಯಬೇಕು?

ಪ್ರಶ್ನೆ: ಲ್ಯಾಪ್‌ಟಾಪ್ ಮತ್ತು ಪುಟ್ಟ ಕಂಟ್ರೋಲರ್ (ಹಾಡು ಬೆಸೆಯುವ ಗುಂಡಿಗಳ ಹಲಗೆ) ಇಟ್ಟುಕೊಂಡು ಡಿಜೆ ಕಲಿಯುತ್ತಿದ್ದೇನೆ. ಸಿಂಕ್ ಒತ್ತಿದರೆ ಎರಡು ಹಾಡಿನ ಬೀಟ್ ತಾನಾಗಿ ಕೂಡುತ್ತದೆ. ಆದರೂ ವಿನೈಲ್‌ನಲ್ಲಿ, ಅಂದರೆ ಮುಳ್ಳಿಟ್ಟು ನುಡಿಸುವ ಹಾಡಿನ ತಟ್ಟೆಗಳಲ್ಲಿ, ಕಲಿತವರೇ ನಿಜವಾದ ಡಿಜೆ ಅಂತಾರೆ. ಹೌದಾ?

ಉತ್ತರ: ಅಲ್ಲ. ಸಿಂಕ್ ಒತ್ತುವುದು ಮೋಸವೇನಲ್ಲ. ಆದರೆ ಆ ಬಟನ್ ನಿಮ್ಮ ಬದಲು ಏನು ಮಾಡುತ್ತಿದೆ ಅಂತ ಗೊತ್ತಿರಬೇಕು. ಅದು ಕೈಕೊಡುವ ಜಾಗಗಳೂ ಇವೆ.

ಈಗ ನುಡಿಯುತ್ತಿರುವ ಹಾಡು ನಿಮಿಷಕ್ಕೆ 127 ಬೀಟ್, ಮುಂದಿನದು 120 ಅಂದುಕೊಳ್ಳಿ. ವಿನೈಲ್‌ನಲ್ಲಾದರೆ ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ಸ್ಪೀಕರ್ ಕಡೆಗೆ. ಎರಡನೇ ತಟ್ಟೆಯ ವೇಗವನ್ನು 127ಕ್ಕೆ ಏರಿಸಿ, ತಟ್ಟೆಯನ್ನು ಬೆರಳಲ್ಲಿ ಹಿಡಿದು, ಸರಿಯಾದ ಪೆಟ್ಟಿಗೆ ಬಿಡಬೇಕು. ಹಿಂದೆ ಬಿದ್ದರೆ ಮೆಲ್ಲಗೆ ತಳ್ಳಬೇಕು, ಮುಂದೆ ಓಡಿದರೆ ಅಂಚಿಗೆ ಬೆರಳು ತಾಗಿಸಬೇಕು. ನಿಮಿಷಕ್ಕೆ 0.1 ಬೀಟ್ ವ್ಯತ್ಯಾಸ ಉಳಿದರೂ, ಒಂದು ನಿಮಿಷದಲ್ಲಿ ಪೆಟ್ಟುಗಳು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಜಾರುತ್ತವೆ. 'ಧಮ್' ಅನ್ನಬೇಕಾದ ಕಡೆ 'ಧದಮ್' ಅನ್ನುತ್ತದೆ. ಕುಣಿಯುವವರ ಕಾಲಿಗೆ ಅದು ತಕ್ಷಣ ತಿಳಿಯುತ್ತದೆ.

1970ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಸ್ಯಾಂಕ್ಚುಯರಿ ಕ್ಲಬ್ಬಿನಲ್ಲಿ ಡಿಜೆ ಫ್ರಾನ್ಸಿಸ್ ಗ್ರಾಸೊ ಹೀಗೆ ಹಾಡು ಬೆಸೆಯುತ್ತಿದ್ದರು. 1972ರಲ್ಲಿ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಟರ್ನ್‌ಟೇಬಲ್ (ತಟ್ಟೆ ತಿರುಗಿಸುವ ಯಂತ್ರ) ಬಂತು. ಮನೆಯಲ್ಲಿ ಸಂಗೀತ ಕೇಳುವವರಿಗೆಂದು ಮಾಡಿದ್ದನ್ನು ಡಿಜೆಗಳು ತಮ್ಮದಾಗಿಸಿಕೊಂಡರು. 1979ರ ಎಂಕೆ2 ಮಾದರಿಯಲ್ಲಿ ಉದ್ದನೆಯ ಪಿಚ್ ಸ್ಲೈಡರ್ ಇತ್ತು. ವೇಗವನ್ನು ಶೇಕಡಾ 8ರಷ್ಟು ಏರಿಸಬಹುದು, ಇಳಿಸಬಹುದು.

ಅದರಲ್ಲೊಂದು ತೊಡಕು. ತಟ್ಟೆ ಜೋರಾಗಿ ತಿರುಗಿದರೆ ಲಯದ ಜೊತೆ ಶ್ರುತಿಯೂ ಏರುತ್ತದೆ. 120ರಿಂದ 127ಕ್ಕೆ ಹೋದರೆ ಹೆಚ್ಚು ಕಡಿಮೆ ಒಂದು ಸ್ವರಸ್ಥಾನವೇ ಮೇಲೆ. ಷಡ್ಜದಲ್ಲಿದ್ದ ಹಾಡು ಶುದ್ಧ ರಿಷಭಕ್ಕೆ ಹೋಗಿ ಕೂರುತ್ತದೆ! ಹಾಗಾಗಿ ಯಾವ ಹಾಡಿನ ಪಕ್ಕ ಯಾವುದು ಇಂಪಾಗಿರುತ್ತದೆ ಅಂತ ಕೇಳಿ ಕೇಳಿಯೇ ಕಲಿಯಬೇಕಿತ್ತು. ಈಗ ಕೀ ಲಾಕ್ ಒತ್ತಿದರೆ ಶ್ರುತಿ ಇದ್ದಲ್ಲೇ ಇರುತ್ತದೆ, ಲಯ ಮಾತ್ರ ಬದಲಾಗುತ್ತದೆ. ಡಿಜಿಟಲ್ ಕೊಟ್ಟ ದೊಡ್ಡ ಉಪಕಾರ ಇದು ಅಂತ ನನಗನಿಸುತ್ತದೆ. ಸಿಂಕ್‌ಗಿಂತ ದೊಡ್ಡದು.

ಇನ್ನು ಸಿಂಕ್. ಸಾಫ್ಟ್‌ವೇರ್ ಹಾಡನ್ನು ಮೊದಲೇ ಓದಿ, ಅದರ ಮೇಲೆ ಸಮ ಅಂತರದ ಗೆರೆ ಎಳೆದಿಡುತ್ತದೆ. ಡ್ರಮ್ ಮಷೀನ್‌ನಲ್ಲಿ ಮಾಡಿದ ಹಾಡಿಗೆ ಆ ಗೆರೆ ಸರಿಯಾಗಿ ಕೂರುತ್ತದೆ. ಆದರೆ 1970ರ ದಶಕದ ಹೆಚ್ಚಿನ ಡಿಸ್ಕೊ ಹಾಡುಗಳಲ್ಲಿ ಡ್ರಮ್ ಬಾರಿಸಿದ್ದು ಮನುಷ್ಯರು. ಪಲ್ಲವಿ ಬಂದಾಗ ಹುರುಪಿನಿಂದ ಚೂರು ಓಡುತ್ತಾರೆ, ಆಮೇಲೆ ನಿಧಾನಿಸುತ್ತಾರೆ. ಗೆರೆ ಒಂದು ಕಡೆ, ಪೆಟ್ಟು ಒಂದು ಕಡೆ. ಇಂಥ ಕಡೆ ಕಾಪಾಡುವುದು ಕಿವಿಯೇ. ಆ ಹಾಡುಗಳ ಚೆಂದವೂ ಆ ಅಲುಗಾಟದಲ್ಲೇ ಇದೆ.

ವಿನೈಲ್ ಸದ್ದು ಚೆಂದವೋ ಡಿಜಿಟಲ್ ಸದ್ದು ಚೆಂದವೋ ಅನ್ನುವ ಜಗಳ ಬೇಗ ಮುಗಿಸೋಣ. ಒತ್ತಿ ಚಿಕ್ಕದು ಮಾಡದ ಒಳ್ಳೆಯ ವೇವ್ ಫೈಲ್ ವಿನೈಲ್‌ಗಿಂತ ಕಮ್ಮಿಯಲ್ಲ. ತೀರಾ ಒತ್ತಿ ಚಿಕ್ಕದು ಮಾಡಿದ ಎಂಪಿ3 ಮಾತ್ರ ದೊಡ್ಡ ಸ್ಪೀಕರಿನಲ್ಲಿ ಬೇಗ ಸಿಕ್ಕಿಬೀಳುತ್ತದೆ.

ನಿಜಕ್ಕೂ ಬದಲಾಗಿದ್ದು ಆಯ್ಕೆ. 80 ತಟ್ಟೆ ತುಂಬಿದ ಚೀಲ 15 ಕಿಲೋ ದಾಟುತ್ತದೆ. ಅದನ್ನು ಹೊತ್ತು ಹೋಗುವವರು ಮನೆಯಲ್ಲೇ ಕೂತು ಆ ರಾತ್ರಿಗೆ ಯಾವ್ಯಾವ ಹಾಡು ಅಂತ ಮೊದಲೇ ಯೋಚಿಸುತ್ತಿದ್ದರು. ಒಂದೊಂದು ತಟ್ಟೆಯ ಎರಡೂ ಬದಿ ಬಾಯಿಪಾಠ. ಈಗ ಹೆಬ್ಬೆರಳಿನಷ್ಟು ಪೆನ್‌ಡ್ರೈವ್‌ನಲ್ಲಿ ಸಾವಿರಾರು ಹಾಡು. ಜಾಸ್ತಿ ಇದ್ದಷ್ಟೂ ಹುಡುಕಾಟ ಜಾಸ್ತಿ, ಕಣ್ಣು ಪರದೆಗೆ ಅಂಟುತ್ತದೆ, ಎದುರಿನ ಜನ ಕಾಣುವುದಿಲ್ಲ. ಹೊಸಬರಲ್ಲಿ ನಾನು ಜಾಸ್ತಿ ನೋಡುವ ತೊಂದರೆ ಇದೇ.

ಎರಡರ ನಡುವೆ ಒಂದು ದಾರಿಯೂ ಇದೆ. 2004ರಲ್ಲಿ ಬಂದ ಡಿಜೆ ಸಾಫ್ಟ್‌ವೇರ್ ಸೆರಾಟೊ ಸ್ಕ್ರ್ಯಾಚ್ ಲೈವ್‌ನ ತಟ್ಟೆಯಲ್ಲಿ ಹಾಡೇ ಇರುವುದಿಲ್ಲ, ಒಂದು ಸಂಕೇತ ಅಷ್ಟೇ. ಮುಳ್ಳು ಅದನ್ನು ಓದಿದ ಹಾಗೆ ಲ್ಯಾಪ್‌ಟಾಪ್‌ನ ಫೈಲ್ ಓಡುತ್ತದೆ. ಕೈಗೆ ತಟ್ಟೆ, ಚೀಲಕ್ಕೆ ಭಾರವಿಲ್ಲ.

ಹಾಗಂತ ನೀವು ಈಗಲೇ ದುಡ್ಡು ಸುರಿದು ಟರ್ನ್‌ಟೇಬಲ್ ಕೊಳ್ಳಬೇಡಿ. ಇರುವ ಕಂಟ್ರೋಲರಿನಲ್ಲೇ ಸಿಂಕ್ ಆಫ್ ಮಾಡಿ. ಬೀಟ್ ಸಂಖ್ಯೆ ತೋರಿಸುವ ಜಾಗಕ್ಕೆ ಕಾಗದ ಅಂಟಿಸಿ. 20 ಹಾಡಷ್ಟೇ ಇಟ್ಟುಕೊಳ್ಳಿ, ಅದರಲ್ಲಿ ಎರಡಾದರೂ ಹಳೆಯ ಡಿಸ್ಕೊ ಇರಲಿ. ದಿನಾ ಅರ್ಧ ಗಂಟೆ ಸಾಕು. ಮೊದಲ ವಾರ ಯಾವ ಹಾಡು ಮುಂದೆ ಓಡುತ್ತಿದೆ, ಯಾವುದು ಹಿಂದೆ ಅಂತಲೇ ಗೊತ್ತಾಗುವುದಿಲ್ಲ. ಆಗ ಸುಮ್ನೆ ಒಂದನ್ನು ಚೂರು ತಳ್ಳಿ ನೋಡಿ. 'ಧದಮ್' ಇನ್ನೂ ಅಗಲವಾದರೆ ಅದೇ ಮುಂದಿತ್ತು ಅಂತ ತಿಳಿಯಿರಿ.