ಸ್ಫೋಟವಾದ ಗಣಿಗೆ ತಕ್ಷಣ ಯಾಕೆ ಇಳಿಯುವುದಿಲ್ಲ?

ಪ್ರಶ್ನೆ: ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾದರೆ ರಕ್ಷಣಾ ತಂಡದವರು ಗಂಟೆಗಟ್ಟಲೆ ಮೇಲೆಯೇ ನಿಂತಿರುತ್ತಾರೆ. ಜೊತೆಗಾರರು ಒಳಗೆ ಸಿಕ್ಕಿಬಿದ್ದಿರುವಾಗ ಇದೆಂಥ ಧೈರ್ಯ?
– ಓದುಗರೊಬ್ಬರು, ಲಿಂಗಸುಗೂರು

ಉತ್ತರ: ತಡೆಯಲಾರದೆ ನುಗ್ಗಿದವರೂ ಹೆಣವಾಗಿದ್ದರಿಂದಲೇ ಈ ಕಾಯುವ ನಿಯಮ ಬಂದದ್ದು.

ನಮ್ಮ ಕಡೆ ಕಲ್ಲಿದ್ದಲು ಗಣಿ ಇಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್‌ಗೆ ಬರುವ ಕಲ್ಲಿದ್ದಲೆಲ್ಲ ಹೊರಗಿನದು. ಸಂಡೂರಿನ ಅದಿರು ಗಣಿಗಳು ತೆರೆದ ಗುಂಡಿಗಳು. ನಿಮ್ಮ ಹಟ್ಟಿ ಚಿನ್ನದ ಗಣಿಯಲ್ಲಿ ಸುರಂಗವಿದ್ದರೂ ಅದು ಗಟ್ಟಿಬಂಡೆ, ಅಲ್ಲಿನ ಭಯ ಕುಸಿತದ್ದು, ಸಿಡಿಮದ್ದಿನ ಹೊಗೆಯದ್ದು. ಆದರೆ ಕಲ್ಲಿದ್ದಲಿನ ಪದರದಿಂದ ಮೀಥೇನ್ ಎಂಬ ಉರಿಯುವ ಅನಿಲ ಸೋರುತ್ತದೆ. ಗಾಳಿಯಲ್ಲಿ ಅದು ಶೇ. 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು. ಮೇಲೆದ್ದ ಕಲ್ಲಿದ್ದಲ ಧೂಳೂ ಹೊತ್ತಿಕೊಳ್ಳುತ್ತದೆ. ಆಮೇಲೆ ಸುರಂಗ ತುಂಬುವುದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ: ಬಣ್ಣವಿಲ್ಲ, ವಾಸನೆಯಿಲ್ಲ, ಶೇ. 1ರಷ್ಟಿದ್ದರೆ ಕೆಲವೇ ನಿಮಿಷದಲ್ಲಿ ಪ್ರಾಣ ಹೋಗುತ್ತದೆ. ಒಳಗೆ ಬೆಂಕಿ ಉಳಿದಿದ್ದರೆ ಎರಡನೇ ಸ್ಫೋಟವೂ ಆಗಬಹುದು. ಹಾಗಾಗಿ ಮೊದಲು ಹೊರಬರುವ ಗಾಳಿಯ ಪರೀಕ್ಷೆ.

ಇಳಿಯುವುದು ಐದಾರು ಜನರ ತಂಡ. ಬೆನ್ನ ಮೇಲೆ ಸುಮಾರು 15 ಕಿಲೋ ತೂಕದ ಉಸಿರಾಟದ ಸಾಧನ. ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಹೀರಿ, ಆಮ್ಲಜನಕ ಸೇರಿಸಿ ಮತ್ತೆ ಕೊಡುತ್ತದೆ. ಶುದ್ಧ ಗಾಳಿ ಇರುವ ಜಾಗದಲ್ಲಿ ಇನ್ನೊಂದು ತಂಡ ಸಜ್ಜಾಗಿ ಕೂತಿರುತ್ತದೆ. ಹೋಗಲು ಖರ್ಚಾದದ್ದರ ಎರಡರಷ್ಟು ಆಮ್ಲಜನಕ ಮರಳಲು ಬೇಕೆಂಬುದು ಲೆಕ್ಕ. ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಆಮ್ಲಜನಕದೊಂದಿಗೆ ಹೊರಟವರಲ್ಲಿ ಒಬ್ಬನ ಮಾಪಕ ಸುಮಾರು 135ಕ್ಕೆ ಇಳಿದರೂ ಇಡೀ ತಂಡ ತಿರುಗಬೇಕು. ಮುಂದೆ ಕೂಗು ಕೇಳುತ್ತಿದ್ದರೂ ಅಷ್ಟೇ. ಇಳಿಯುವುದಕ್ಕಿಂತ ಇದೇ ಕಷ್ಟ.

ಒಳಗಿದ್ದವರ ಸೊಂಟದಲ್ಲಿ ಸೆಲ್ಫ್ ರೆಸ್ಕ್ಯೂಯರ್ ಎಂಬ ಡಬ್ಬಿ ಇರುತ್ತದೆ. ಮೂಗಿಗೆ ಕ್ಲಿಪ್ ಹಾಕಿ ಬಾಯಲ್ಲೇ ಉಸಿರಾಡಬೇಕು. ಸೋಸುವ ಬಗೆಯದು ವಿಷಾನಿಲವನ್ನು ಬದಲಿಸುವಾಗ ಬಿಸಿಯಾಗುತ್ತದೆ, ಉಸಿರು ಬಾಯಿ ಸುಡುವಂತಾಗುತ್ತದೆ. ಕೆಟ್ಟಿತೆಂದು ಕಿತ್ತೆಸೆದರೆ ಕಥೆ ಮುಗಿಯಿತು. ಬಿಸಿಯಾಗುತ್ತಿದೆ ಎಂದರೆ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಆದರೆ ಅದು ಆಮ್ಲಜನಕ ಕೊಡುವುದಿಲ್ಲ. ಗಾಳಿಯಲ್ಲೇ ಆಮ್ಲಜನಕ ತೀರಾ ಇಳಿದಿದ್ದರೆ ಅದರಿಂದ ಪ್ರಯೋಜನವಿಲ್ಲ.

ನೀರು ನುಗ್ಗಿದಾಗ ಮಾತ್ರ ಲೆಕ್ಕವೇ ಬೇರೆ. 1989ರ ನವೆಂಬರ್ 13ರಂದು ಪಶ್ಚಿಮ ಬಂಗಾಳದ ರಾಣಿಗಂಜ್‌ನ ಮಹಾವೀರ್ ಗಣಿಯಲ್ಲಿ 71 ಮಂದಿ ಸಿಕ್ಕಿಬಿದ್ದರು. ಗಣಿ ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಮೇಲಿನಿಂದ ಹೊಸ ರಂಧ್ರ ಕೊರೆಸಿ, ಒಬ್ಬರು ಹಿಡಿಸುವಷ್ಟು ಕಿರಿದಾದ ಉಕ್ಕಿನ ಕ್ಯಾಪ್ಸೂಲ್ ಮಾಡಿಸಿ, ತಾವೇ ಅದರಲ್ಲಿ ಇಳಿದರು. 65 ಜನ ಒಬ್ಬೊಬ್ಬರಾಗಿ ಮೇಲೆ ಬಂದರು. ಉಳಿದ ಆರು ಮಂದಿ ಅದಕ್ಕೂ ಮೊದಲೇ ನೀರುಪಾಲಾಗಿದ್ದರು.